ಹೆಸರಿಲ್ಲದ ಗುಂಡಿಗಳು

ಹೊಳೆನರಸೀಪುರದ ಒಂದು ಮನೆಯಲ್ಲಿ ಮದುವೆಯ ಹಿಂದಿನ ಸಂಜೆ ಅಜ್ಜಿಯರು ಹೇಳಿದ ಸೋಬಾನೆ ಪದವನ್ನು ಯಾರೋ ರೆಕಾರ್ಡ್ ಮಾಡಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ದನಿ ಚೆನ್ನಾಗಿಯೇ ಬಂದಿದೆ. ಆದರೆ ಪದದ ಅಡಿಯಲ್ಲಿ ಉದ್ದಕ್ಕೂ ಗುಂಯ್ ಎನ್ನುವ ಸಣ್ಣ ಸದ್ದೊಂದು ಹರಿಯುತ್ತಿದೆ. ಅದರ ಮೂಲ ಗೋಡೆಯಲ್ಲಿದೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಡೆ ಅದು ಮೈಕಿನ ವೈರಿಗೂ ನುಸುಳಿ 50 ಹರ್ಟ್ಜ್‌ನಲ್ಲಿ, ಅದರ ಮಡಿಗಳಾದ 100ರಲ್ಲಿ, 150ರಲ್ಲಿ ದನಿಗೂಡಿಸುತ್ತದೆ. ಹೆಂಗಸರ ಹಾಡಿನ ಆಧಾರ ಷಡ್ಜ ಸಾಮಾನ್ಯವಾಗಿ 200 ಹರ್ಟ್ಜ್ ಆಸುಪಾಸಿನಲ್ಲಿ ಇರುವುದರಿಂದ ಕೆಳಗಿನ 50ನ್ನೂ 100ನ್ನೂ ಕತ್ತರಿಸಿ ತೆಗೆದರೆ ಹಾಡಿಗೆ ಏನೂ ಆಗದು. ಈ ಕತ್ತರಿಸುವ ಸಾಧನವೇ ಈಕ್ವಲೈಜರ್.

ಕಣ್ಣಿರುವವರು ಅದನ್ನು ತೆರೆದಾಗ ತೆರೆಯ ಮೇಲೆ ಅಡ್ಡಲಾಗಿ ಒಂದು ಗೆರೆ ಕಾಣುತ್ತದೆ. ಎಡಕ್ಕೆ ಮಂದ್ರ, ಬಲಕ್ಕೆ ತಾರ. ಗೆರೆಯ ಮೇಲಿನ ಚುಕ್ಕಿಯೊಂದನ್ನು ಮೌಸಿನಲ್ಲಿ ಹಿಡಿದು 50ರ ಹತ್ತಿರ ಕೆಳಕ್ಕೆಳೆದರೆ ಸಣ್ಣ ಹಳ್ಳವೊಂದು ಮೂಡುತ್ತದೆ, ಗುಂಯ್ ಸದ್ದು ತಗ್ಗುತ್ತದೆ. ಅದೇ ಈಕ್ವಲೈಜರನ್ನು ಕಣ್ಣು ಕಾಣದ ಒಬ್ಬ ಹುಡುಗಿ ತೆರೆದಳೆನ್ನಿ. ಕಂಪ್ಯೂಟರಿನಲ್ಲಿ ಇರುವುದನ್ನು ಅವಳಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ‘ಪೇನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಟ್ಯಾಬ್ ಒತ್ತಿದರೂ ಮೌನ, ಬಾಣದ ಕೀಲಿ ಒತ್ತಿದರೂ ಮೌನ. ಗುಂಯ್ ಸದ್ದು ಮಾತ್ರ ಅವಳಿಗೆ ಎಲ್ಲರಷ್ಟೇ ಸ್ಪಷ್ಟವಾಗಿ ಕೇಳುತ್ತಿದೆ.

ಆ ಹಳ್ಳದ ಚಿತ್ರದಲ್ಲಿ ಇರುವುದಾದರೂ ಏನು? ಮೂರು ಅಂಕಿಗಳು. ಎಲ್ಲಿ ಕತ್ತರಿಸಬೇಕು: 50 ಹರ್ಟ್ಜ್. ಎಷ್ಟು ತಗ್ಗಿಸಬೇಕು: 24 ಡೆಸಿಬೆಲ್. ಎಷ್ಟು ಅಗಲಕ್ಕೆ: ಒಂದು ಸ್ಥಾಯಿಯ ಹತ್ತರಲ್ಲೊಂದು ಪಾಲು. ಸದ್ದನ್ನು ಲೆಕ್ಕ ಹಾಕುವ ಪ್ರೋಗ್ರಾಮಿಗೆ ಬೇಕಾದದ್ದು ಈ ಮೂರೇ. ಗೆರೆ, ಚುಕ್ಕಿ, ಬಣ್ಣಗಳೆಲ್ಲ ಆಮೇಲೆ ಬಳಿದವು. ಮೂರು ಅಂಕಿಗಳನ್ನು ಬಾಯಲ್ಲಿ ಹೇಳಬಹುದು, ಬೆರಳಲ್ಲಿ ಒತ್ತಬಹುದು. ಆದ್ದರಿಂದ ಸಂಗೀತದ ಸಾಫ್ಟ್‌ವೇರ್ ಕಣ್ಣು ಕಾಣದವರಿಗೆ ಸಹಜವಾಗಿಯೇ ಎಟಕದ ವಸ್ತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಎಟಕದಂತೆ ಕಟ್ಟಲಾಗಿದೆ, ಅಷ್ಟೆ. ಕಟ್ಟಿದ್ದನ್ನು ಬೇರೆ ಥರ ಕಟ್ಟಬಹುದು.

ಸ್ಕ್ರೀನ್ ರೀಡರ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಅದು ತೆರೆಯನ್ನು ನೋಡುವುದಿಲ್ಲ. ಪ್ರತಿ ಪ್ರೋಗ್ರಾಮೂ ತಾನು ತೋರಿಸುವ ಚಿತ್ರದ ಜೊತೆಗೆ ಒಂದು ಪಟ್ಟಿಯನ್ನೂ ಇಟ್ಟುಕೊಂಡಿರಬೇಕೆಂಬುದು ಏರ್ಪಾಡು. ಪ್ರತಿ ಗುಂಡಿಯ ಹೆಸರೇನು, ಅದು ಯಾವ ಬಗೆಯದು, ಈಗ ಯಾವ ಸ್ಥಿತಿಯಲ್ಲಿದೆ, ಅದರ ಅಂಕಿ ಎಷ್ಟು ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಸ್ಕ್ರೀನ್ ರೀಡರ್ ಕೇಳುವುದು ಈ ಪಟ್ಟಿಯನ್ನು. ವಿಂಡೋಸ್‌ಗೆ ಇಂಥ ಏರ್ಪಾಡನ್ನು ಮೈಕ್ರೋಸಾಫ್ಟ್ ತಂದದ್ದು 1997ರಲ್ಲಿ. ವಿಂಡೋಸ್ ತಾನೇ ಒದಗಿಸುವ ಮಾಮೂಲಿ ಗುಂಡಿಗಳನ್ನು ಬಳಸಿದರೆ ಪಟ್ಟಿ ತನ್ನಷ್ಟಕ್ಕೆ ತುಂಬುತ್ತದೆ. ಆದರೆ ಸಂಗೀತದ ಸಾಫ್ಟ್‌ವೇರ್ ಮಾಡುವವರಿಗೆ ಹಳೆಯ ಯಂತ್ರಗಳ ಅಂದದ ಮೇಲೆ ಮೋಹ. ತಿರುಗಣೆ, ಮುಳ್ಳು ಅಲ್ಲಾಡುವ ಮೀಟರು, ಮರದ ಚೌಕಟ್ಟು, ಮೂಲೆಯ ಸ್ಕ್ರೂ ಸಹಿತ ಎಲ್ಲವನ್ನೂ ತಾವೇ ಬಿಡಿಸುತ್ತಾರೆ. ಚಿತ್ರ ಸೊಗಸಾಗಿರುತ್ತದೆ, ಪಟ್ಟಿ ಖಾಲಿ ಉಳಿಯುತ್ತದೆ. ಹಾಸನದ ಬಸ್ ನಿಲ್ದಾಣದಲ್ಲಿ ಕಣ್ಣು ಕಾಣದ ಪ್ರಯಾಣಿಕ ನಿಂತಿದ್ದಾನೆ ಎಂದುಕೊಳ್ಳಿ. ಕಂಡಕ್ಟರುಗಳು ‘ಅರಕಲಗೂಡು, ಅರಕಲಗೂಡು’, ‘ಚನ್ನರಾಯಪಟ್ಟಣ’ ಎಂದು ಕೂಗುತ್ತಿರುವವರೆಗೆ ಅವನಿಗೆ ತೊಂದರೆಯಿಲ್ಲ. ಎಲ್ಲ ಕಂಡಕ್ಟರುಗಳೂ ಒಮ್ಮೆಗೇ ಬಾಯಿ ಮುಚ್ಚಿದರೆ ಬಸ್ಸುಗಳು ಅಲ್ಲೇ ಇರುತ್ತವೆ, ಎಂಜಿನ್ ಸದ್ದೂ ಕೇಳುತ್ತದೆ, ಆದರೆ ಯಾವುದನ್ನು ಹತ್ತುವುದು? ಹೆಸರಿಲ್ಲದ ಗುಂಡಿಗಳ ಮುಂದೆ ಆ ಹುಡುಗಿಯದೂ ಅದೇ ಸ್ಥಿತಿ.

ಹಿಂದೆ ಹೀಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಟೇಪಿನ ಕಾಲದ ಸ್ಟುಡಿಯೋ ಕೈಗೆ ಸಿಗುವಂಥದ್ದಾಗಿತ್ತು. ಮಿಕ್ಸರಿನ ಫೇಡರ್ ಎಲ್ಲಿದೆ, ಎಷ್ಟು ಏರಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ಆಕಾಶವಾಣಿಯ ನಿಲಯಗಳಲ್ಲಿ ಕೆಮ್ಮನ್ನೋ ತಪ್ಪಿದ ಸಾಲನ್ನೋ ತೆಗೆಯಬೇಕಾದರೆ ಟೇಪಿನ ಉರುಳೆಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಸದ್ದು ಶುರುವಾಗುವ ಜಾಗವನ್ನು ಕಿವಿಯಲ್ಲೇ ಹಿಡಿದು, ಅಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು. ಕಾಣಲು ಅಲ್ಲಿ ಏನೂ ಇರಲಿಲ್ಲ. ಕಂದು ಬಣ್ಣದ ಪಟ್ಟಿಯ ಮೇಲೆ ಸದ್ದಿನ ರೂಪ ಯಾರ ಕಣ್ಣಿಗೂ ಬೀಳದು. 1990ರ ದಶಕದಲ್ಲಿ ಕೆಲಸ ಕಂಪ್ಯೂಟರಿಗೆ ಹೋದಾಗ ಸದ್ದು ಅಲೆಯಾಕಾರದ ಚಿತ್ರವಾಯಿತು, ಕೈ ಮೌಸಿಗೆ ಕಟ್ಟುಬಿತ್ತು. ಕಿವಿಯ ಕೆಲಸ ಕಣ್ಣಿನ ಕೆಲಸವಾದದ್ದು ಆಗ.

ಹೀಗೆ ಬಿದ್ದ ಬೀಗವನ್ನು ತೆರೆದ ಕತೆಯಲ್ಲಿ ಕಣ್ಣು ಕಾಣದವರ ಕೈಯೇ ಮುಂದಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯಲು ತೊಡಗಿದರು. ಅದುವರೆಗೆ ಪ್ರಚಲಿತವಾಗಿದ್ದ ಸ್ಕ್ರೀನ್ ರೀಡರುಗಳ ಬೆಲೆ ಕಂಪ್ಯೂಟರಿನ ಬೆಲೆಯನ್ನೇ ಮೀರಿಸುವಂತಿತ್ತು. ಎನ್‌ವಿಡಿಎ ಪೂರ್ತಿ ಉಚಿತ, ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದದ್ದು. ಅವರ ಜೊತೆಗೂಡಿದ ಜೇಮ್ಸ್ ಟೆಹ್ ಕೂಡ ಅಂಧರು. ಎನ್‌ವಿಡಿಎ ಜೊತೆಗೆ ಬರುವ ಈಸ್ಪೀಕ್ ಎಂಬ ಧ್ವನಿಗೆ ಕನ್ನಡವೂ ಬರುತ್ತದೆ. ಉಚ್ಚಾರ ಒರಟು, ಯಂತ್ರದ್ದೇ ಧಾಟಿ; ಆದರೆ ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲವೆಂದು ಅನೇಕರು ಅದನ್ನೇ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಕಡೆಯಿಂದ ರೀಪರ್ ಬಂತು. ಎಂಪಿ3 ಹಾಡು ಕೇಳಲು ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ವಿನ್‌ಆಂಪ್ ನೆನಪಿದೆಯಲ್ಲ, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಇದೂ. 2005ರ ಕೊನೆಯಲ್ಲಿ ಹೊರಬಂತು. ಹಲವು ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಮಾಡಿ, ಕತ್ತರಿಸಿ, ಮಿಕ್ಸ್ ಮಾಡುವ ಪೂರ್ಣ ಸ್ಟುಡಿಯೋ ಇದು. ಡೌನ್‌ಲೋಡ್ ಕೆಲವೇ ಹತ್ತು ಎಂಬಿ, 60 ದಿನ ಏನೂ ಕಡಿತವಿಲ್ಲದೆ ಬಳಸಿ ನೋಡಬಹುದು, ವೈಯಕ್ತಿಕ ಬಳಕೆಯ ಲೈಸೆನ್ಸ್ 60 ಡಾಲರ್. ತಾಲ್ಲೂಕು ಊರಿನ ಇಂಟರ್‌ನೆಟ್ಟಿಗೂ ಹಳೆಯ ಲ್ಯಾಪ್‌ಟಾಪಿಗೂ ಇದು ಸಣ್ಣ ಸಂಗತಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೀಪರ್ ಮಾಡುವ ಪ್ರತಿ ಕೆಲಸಕ್ಕೂ ಒಳಗೊಂದು ಹೆಸರಿದೆ. ಸಾವಿರಾರು ಕೆಲಸಗಳ ಹೆಸರಿನ ಪಟ್ಟಿ. ಹುಡುಕಿ ತೆಗೆದು ಯಾವುದಕ್ಕೆ ಬೇಕಾದರೂ ನಮಗೆ ಬೇಕಾದ ಕೀಲಿ ಕೊಡಬಹುದು. ಜೇಮ್ಸ್ ಟೆಹ್ ಇದರ ಮೇಲೆ ಒಸಾರಾ ಎಂಬ ಉಚಿತ ಸೇತುವೆ ಕಟ್ಟಿದರು. ರೀಪರಿನಲ್ಲಿ ಏನೇ ನಡೆದರೂ ಅದನ್ನು ಹಿಡಿದು ಸ್ಕ್ರೀನ್ ರೀಡರಿಗೆ ದಾಟಿಸುವುದು ಇದರ ಕೆಲಸ.

ಒಸಾರಾದಲ್ಲಿ ನನಗೆ ಅತಿ ಜಾಣತನದ್ದೆನಿಸುವ ಭಾಗ ಈಕ್ವಲೈಜರಿನಂಥ ಪ್ಲಗಿನ್‌ಗಳಿಗೆ, ಅಂದರೆ ರೀಪರಿನಂಥ ಪ್ರೋಗ್ರಾಮಿನೊಳಗೆ ಕೂಡಿಸಿಕೊಳ್ಳುವ ಸಣ್ಣ ಪ್ರೋಗ್ರಾಮುಗಳಿಗೆ ಸಂಬಂಧಿಸಿದ್ದು. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ವಿಎಸ್‌ಟಿ ಎಂಬ ಕಟ್ಟಳೆಯ ಪ್ರಕಾರ, ಯಾವ ಪ್ಲಗಿನ್ ಆದರೂ ತನ್ನೊಳಗಿನ ಅಂಕಿಗಳನ್ನು ಆತಿಥೇಯ ಪ್ರೋಗ್ರಾಮಿಗೆ ಹೆಸರು ಸಹಿತ ಒಪ್ಪಿಸಬಹುದು. ಹಾಡಿನ ನಡುವೆ ಅವನ್ನು ತಾನಾಗಿ ಬದಲಿಸುವುದಕ್ಕೆ ಈ ಅನುಕೂಲ ಬೇಕಿತ್ತು. ಕಣ್ಣು ಕಾಣದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಒಸಾರಾ ಚಿತ್ರದ ಬಾಗಿಲನ್ನು ಬಿಟ್ಟು ಈ ಹಿಂಬಾಗಿಲಿನಿಂದ ಹೋಗುತ್ತದೆ. ಪ್ಲಗಿನ್ ಒಪ್ಪಿಸಿದ ಅಂಕಿಗಳನ್ನೆಲ್ಲ ಒಂದು ಮಾಮೂಲಿ ಪೆಟ್ಟಿಗೆಯಲ್ಲಿ ಸಾಲಾಗಿ ಇಡುತ್ತದೆ: ಫ್ರೀಕ್ವೆನ್ಸಿ, ಗೇನ್, ಬ್ಯಾಂಡ್‌ವಿಡ್ತ್. ಹುಡುಗಿ ಬಾಣದ ಕೀಲಿ ಒತ್ತಿದಂತೆ ಅಂಕಿ ಏರುತ್ತದೆ, ಇಳಿಯುತ್ತದೆ. ಕಿವಿಗೆ ಅಂಕಿಯೂ ಬೀಳುತ್ತದೆ, ಬದಲಾದ ಸದ್ದೂ ಬೀಳುತ್ತದೆ.

ಕೆಲಸ ನಡೆಯುವ ಬಗೆಯನ್ನು ಕೊಂಚ ಹತ್ತಿರದಿಂದ ನೋಡೋಣ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಹೊಸ ಟ್ರ್ಯಾಕ್. ‘ಮೃದಂಗ’ ಎಂದು ಹೆಸರು ಬರೆದು ಎಂಟರ್. ಮೇಲೆ ಕೆಳಗಿನ ಬಾಣಗಳಿಂದ ಟ್ರ್ಯಾಕಿನಿಂದ ಟ್ರ್ಯಾಕಿಗೆ ಓಡಾಟ. ಕಂಟ್ರೋಲ್ ಜೊತೆ ಆರ್ ಒತ್ತಿದರೆ ರೆಕಾರ್ಡಿಂಗ್ ಶುರು, ಸ್ಪೇಸ್ ಒತ್ತಿದರೆ ನಿಲುಗಡೆ. ಆದಿತಾಳದ ಕೃತಿಯಾದರೆ ಒಂದು ಬಾರ್‌ಗೆ ಎಂಟು ಬೀಟ್ ಎಂದು ಮೊದಲೇ ಹೊಂದಿಸಿಟ್ಟರೆ ಒಂದು ಬಾರ್ ಒಂದು ಆವರ್ತವಾಗುತ್ತದೆ. ಆಗ ‘ಬಾರ್ 3, ಬೀಟ್ 5’ ಎಂದು ಸ್ಕ್ರೀನ್ ರೀಡರ್ ಉಸುರಿದರೆ ಕರ್ನಾಟಕ ಸಂಗೀತ ಕಲಿತವರಿಗೆ ಬೇರೆ ವಿವರಣೆ ಬೇಡ: ಮೂರನೇ ಆವರ್ತ, ಮೊದಲ ದ್ರುತದ ಘಾತ. ಟ್ಯಾಬ್ ಒತ್ತಿದರೆ ರೆಕಾರ್ಡಿಂಗ್‌ನಲ್ಲಿ ಸದ್ದು ಥಟ್ಟನೆ ಏಳುವ ಮುಂದಿನ ಜಾಗಕ್ಕೆ ಹೋಗುತ್ತದೆ, ಮೃದಂಗದಲ್ಲಿ ಅದು ಪೆಟ್ಟು ಬಿದ್ದ ಜಾಗ. ಅಲ್ಲಿ ಎಸ್ ಒತ್ತಿದರೆ ತುಂಡು. ಅಲೆಯ ಚಿತ್ರ ನೋಡಿ ಕತ್ತರಿಸುವವರು ಎಷ್ಟೋ ಸಲ ಚಿತ್ರದಲ್ಲಿ ಸದ್ದು ಮುಗಿದಂತೆ ಕಂಡಲ್ಲಿ ಕೊಯ್ದು, ಮೃದಂಗದ ಎಡಮುಖವಾದ ತೊಪ್ಪಿಯ ಸಣ್ಣ ಗುಂಗನ್ನು ಕಳೆದುಬಿಡುತ್ತಾರೆ. ಕೇಳಿ ಕತ್ತರಿಸುವವರಿಂದ ಈ ತಪ್ಪು ಆಗುವುದು ಕಡಿಮೆ.

ಆದರೆ ಇಲ್ಲಿ ನಿಜವಾದ ಒಂದು ತೊಡಕಿದೆ. ಕಣ್ಣಿರುವವರಿಗೆ ಮಾಹಿತಿ ಒಂದು ಇಂದ್ರಿಯದಿಂದ, ಸಂಗೀತ ಇನ್ನೊಂದರಿಂದ. ಇವರಿಗೆ ಎರಡೂ ಕಿವಿಯಿಂದಲೇ. ಮಾತಿನ ತಿರುಳು ಇರುವುದು ಸುಮಾರು 300ರಿಂದ 3,400 ಹರ್ಟ್ಜ್ ನಡುವೆ, ಗಾಯಕರ ದನಿಯ ಬಹುಪಾಲು ಶಕ್ತಿಯೂ ಅಲ್ಲೇ. ಒಂದೇ ಪಟ್ಟಿಯಲ್ಲಿ ಬಿದ್ದ ಎರಡು ಸದ್ದುಗಳಲ್ಲಿ ಜೋರಿನದು ಮೆಲ್ಲನೆಯದನ್ನು ಮುಚ್ಚುತ್ತದೆ. ಎರಡೂ ಒಂದೇ ಮಟ್ಟದಲ್ಲಿದ್ದರೂ ಗಮನ ಹರಿದುಹಂಚಿಹೋಗುತ್ತದೆ. ಹಾಗಾಗಿ ಮಾತನ್ನು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೂ ಸಂಗೀತವನ್ನು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಹೆಡ್‌ಫೋನಿಗೂ ಬೇರೆ ಮಾಡಿಕೊಳ್ಳುವುದು ರೂಢಿ. ಇದಕ್ಕೆ ಇನ್ನೂ ಒಂದು ಕಾರಣವಿದೆ. ಕೆಲವು ಆಡಿಯೋ ಡ್ರೈವರ್‌ಗಳು ಸೌಂಡ್ ಕಾರ್ಡನ್ನು ಒಂದೇ ಪ್ರೋಗ್ರಾಮಿಗೆ ಒಪ್ಪಿಸಿ ಉಳಿದವನ್ನು ಹೊರಗಿಡುತ್ತವೆ. ರೀಪರ್ ತೆರೆದ ಗಳಿಗೆಗೆ ಸ್ಕ್ರೀನ್ ರೀಡರ್ ದನಿ ನಿಂತುಹೋದರೆ, ಅದನ್ನು ಸರಿಪಡಿಸುವ ಜಾಗವನ್ನು ಹುಡುಕುವುದಕ್ಕೂ ದನಿ ಇರುವುದಿಲ್ಲ.

ಮಾತಿನ ವೇಗ ಹೆಚ್ಚಿಸುವುದು ಇನ್ನೊಂದು ಉಪಾಯ. ಬೇಗ ಹೇಳಿ ಮುಗಿಸಿದಷ್ಟೂ ಸಂಗೀತದ ಮೇಲಿನ ನೆರಳು ಕಿರಿದು. ನಾವು ಮಾತಾಡುವುದು ಸೆಕೆಂಡಿಗೆ ಐದಾರು ಅಕ್ಷರಗಳ ವೇಗದಲ್ಲಿ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಡೆದ ಅಧ್ಯಯನಗಳಲ್ಲಿ, ಅಭ್ಯಾಸವಿದ್ದ ಅಂಧ ಕೇಳುಗರು ಸೆಕೆಂಡಿಗೆ ಸುಮಾರು 22 ಅಕ್ಷರಗಳವರೆಗೂ ಅರ್ಥ ಮಾಡಿಕೊಂಡರು. ಆ ಹೊತ್ತಿಗೆ ಅವರ ಮಿದುಳಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ ನೋಟಕ್ಕೆ ಮೀಸಲಾದ ಭಾಗವೂ ಚುರುಕಾಗಿತ್ತು. 2004ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು ಸ್ವರ ಏರಿತೋ ಇಳಿಯಿತೋ ಎಂಬುದನ್ನು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಆ ಮೇಲುಗೈ ಕಾಣಲಿಲ್ಲ. ಬೆಳೆಯುವ ಮಿದುಳು ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ಕೆಲಸಕ್ಕೆ ಹಚ್ಚುತ್ತದೆ. ಇದನ್ನು ದೈವ ಕೊಟ್ಟ ಕಿವಿ ಎಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಆ ಹೊಗಳಿಕೆಯಿಂದ ಒಂದು ಕೆಡುಕೂ ಆಗಿದೆ: ಅಂಧರೆಂದರೆ ಹಾಡುವವರು ಎಂದು ತೀರ್ಮಾನಿಸಿ, ಹಾಡನ್ನು ರೆಕಾರ್ಡ್ ಮಾಡುವ, ಮಿಕ್ಸ್ ಮಾಡುವ, ಸಂಬಳ ತರುವ ಕುರ್ಚಿಯ ಕಡೆಗೆ ಅವರನ್ನು ನಾವು ಕರೆಯಲೇ ಇಲ್ಲ.

ಹಾಡುವ ಪರಂಪರೆಯಂತೂ ದೊಡ್ಡದು. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಎಷ್ಟೋ ತಲೆಮಾರುಗಳು ಅನ್ನ, ವಿದ್ಯೆ, ಸಂಗೀತ ಪಡೆದವು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ತೀರಿಕೊಂಡರು. ಇತ್ತ ನಮ್ಮ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣವೊಂದೇ ಸಾಕು: ಆಕಾಶವಾಣಿಯಲ್ಲಿ ದುಡಿದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ತಂಬೂರಿಯ ಆಕಾರದ ಸಪ್ತಸ್ವರ ಮಂದಿರವನ್ನು ಊರಿಗೆ ತಂದ ಆರ್.ಕೆ. ಪದ್ಮನಾಭ. ಇಷ್ಟು ಸಂಗೀತವಿರುವ ನೆಲದಲ್ಲಿ ಕಚೇರಿಗಳನ್ನು, ಸೋಬಾನೆಯನ್ನು, ಕೋಲಾಟದ ಪದಗಳನ್ನು ಒಪ್ಪವಾಗಿ ರೆಕಾರ್ಡ್ ಮಾಡಿಡುವ ಕೆಲಸ ಬೇಕಾದಷ್ಟಿದೆ, ಅದಕ್ಕೆ ಒಳ್ಳೆಯ ಕಿವಿಗಳು ಬೇಕು.

ಕಲಿಯುವುದು ಯಾವುದರಿಂದ? ಕೈಪಿಡಿಯಿಂದ. ಅಲ್ಲಿಯೂ ಚಿತ್ರದ್ದೇ ಕಾಟ. ರೀಪರಿಗೆ ಜೆಫ್ರಿ ಫ್ರಾನ್ಸಿಸ್ ಬರೆದ 400 ಪುಟಗಳಿಗೂ ಮೀರಿದ ಕೈಪಿಡಿಯಿದೆ, ಉಚಿತ, ಶ್ರದ್ಧೆಯಿಂದ ಬರೆದದ್ದು. ಆದರೆ ಪುಟಪುಟಕ್ಕೂ ತೆರೆಯ ಚಿತ್ರಗಳು. ‘ಬಲಕ್ಕೆ ಕ್ಲಿಕ್ ಮಾಡಿ’, ‘ಚಿತ್ರದಲ್ಲಿ ತೋರಿಸಿದಂತೆ ಎಳೆಯಿರಿ’ ಎಂಬ ಬಗೆಯ ಸೂಚನೆ ಬಂದಲ್ಲೆಲ್ಲ ಕಣ್ಣು ಕಾಣದ ಓದುಗರು ಅದನ್ನು ಮನಸ್ಸಿನಲ್ಲೇ ಕೀಲಿಗಳ ಭಾಷೆಗೆ ತಿರುಗಿಸಿಕೊಳ್ಳಬೇಕು. ಬೇರೆ ಎಷ್ಟೋ ಸಾಫ್ಟ್‌ವೇರ್‌ಗಳ ಕೈಪಿಡಿ ಇಷ್ಟೂ ದಯೆ ತೋರುವುದಿಲ್ಲ. ಪಿಡಿಎಫ್ ಕಡತದಲ್ಲಿ ಯಾವುದು ತಲೆಬರಹ, ಯಾವುದು ಕೋಷ್ಟಕ, ಯಾವ ಕಾಲಂ ಮೊದಲು ಎಂಬ ಗುರುತುಗಳನ್ನು ಒಳಗೆ ಹಾಕಿರಬೇಕು. ಹಾಕಿದ್ದರೆ ಒಂದೇ ಕೀಲಿಯಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಬಹುದು. ಹಾಕದಿದ್ದರೆ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಉಸಿರಿನ ಪಾರಾಯಣ, ಅದರಲ್ಲೂ ಎರಡು ಕಾಲಂಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಒಸಾರಾದ ಉತ್ತರ ಸರಳ. ಎಫ್ 12 ಒತ್ತಿದರೆ ಇಡೀ ಕೀಬೋರ್ಡೇ ಕೈಪಿಡಿಯಾಗುತ್ತದೆ. ಆಮೇಲೆ ಯಾವ ಕೀಲಿ ಒತ್ತಿದರೂ ಅದು ಕೆಲಸ ಮಾಡುವುದಿಲ್ಲ, ತಾನು ಏನು ಮಾಡುತ್ತೇನೆಂದು ಹೇಳುತ್ತದೆ. ಮತ್ತೆ ಎಫ್ 12 ಒತ್ತಿದರೆ ಮಾಮೂಲಿಗೆ ವಾಪಸ್. ಹಾಡು ಕೆಡುತ್ತದೆಂಬ ಭಯವಿಲ್ಲದೆ ಒಂದೊಂದೇ ಕೀಲಿಯನ್ನು ತಡವಿ ಕಲಿಯಬಹುದು. ಕಲಿಯುತ್ತಿರುವ ಕಣ್ಣಿದ್ದವರಿಗೂ ಇಂಥದ್ದು ಸಿಗಬೇಕು ಎನಿಸುತ್ತದೆ.

ಈ ನಡುವೆ ದೊಡ್ಡ ಕಂಪನಿಗಳೂ ಕದಲಿವೆ. ಅನೇಕ ಪ್ಲಗಿನ್‌ಗಳ ತಳಪಾಯವಾದ ಜ್ಯೂಸ್ ಎಂಬ ಕೋಡ್ ಸಂಗ್ರಹ 2021ರಲ್ಲಿ ಸ್ಕ್ರೀನ್ ರೀಡರಿಗೆ ಬೇಕಾದ ಪಟ್ಟಿಯನ್ನು ತಾನೇ ತುಂಬುವ ಅನುಕೂಲ ಸೇರಿಸಿತು. ಏಬಲ್‌ಟನ್ ಲೈವ್ ಎಂಬ ಸಂಗೀತದ ಸಾಫ್ಟ್‌ವೇರ್ ತನ್ನ 12ನೇ ಆವೃತ್ತಿಯಲ್ಲಿ, 2024ರಲ್ಲಿ, ಸ್ಕ್ರೀನ್ ರೀಡರಿಗೆ ಬಾಯಿ ಬಿಟ್ಟಿತು.

ಕನ್ನಡದ ಓದುಗರಿಗೆ ಮಾತ್ರ ಇನ್ನೂ ಒಂದು ಹೆಚ್ಚಿನ ಅಡ್ಡಗೋಡೆ ಇದೆ, ಅದು ನಾವೇ ಕಟ್ಟಿದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಪುಸ್ತಕದ ಪುಟ ಕಟ್ಟುವವರಲ್ಲಿ ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಬಹುಕಾಲ ನಡೆದವು, ಈಗಲೂ ಪೂರ್ತಿ ಹೋಗಿಲ್ಲ. ಆ ಪದ್ಧತಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಂದು ಎ. ಕಣ್ಣಿಗೆ ಮಾತ್ರ ಫಾಂಟ್ ಅದನ್ನು ಕನ್ನಡದಂತೆ ಕಾಣಿಸುತ್ತದೆ. ಸ್ಕ್ರೀನ್ ರೀಡರ್ ಓದುವುದು ಒಳಗೆ ಕೂತದ್ದನ್ನು. ಸಂಗೀತ ಪರೀಕ್ಷೆಯ ಪಠ್ಯವಾಗಲಿ, ಕೃತಿಗಳ ಸ್ವರಲಿಪಿಯಾಗಲಿ ಹೀಗೆ ಬರೆದಿದ್ದರೆ ಕೇಳುವವರಿಗೆ ಪೌಂಡು ಗೀಟುಗಳ ಸಂತೆ. ನಮ್ಮ ಸ್ವರಲಿಪಿಗೆ ಇದು ವಿಶೇಷ ಅನ್ಯಾಯ, ಏಕೆಂದರೆ ಅದು ಮೊದಲಿನಿಂದಲೂ ಅಕ್ಷರಗಳಲ್ಲೇ ಇದೆ. ಪಾಶ್ಚಾತ್ಯರ ಐದು ಗೆರೆಯ ಚಿತ್ರಲಿಪಿಯನ್ನು ಬೆರಳಿಗೆ ಎಟಕಿಸಲು ಬೇರೆಯೇ ಪದ್ಧತಿ ಬೇಕಾಯಿತು. ಸ್ವತಃ ಆರ್ಗನ್ ವಾದಕನಾಗಿದ್ದ ಲೂಯಿ ಬ್ರೈಲ್ 1829ರಲ್ಲಿ ಚುಕ್ಕಿಲಿಪಿಯನ್ನು ಪ್ರಕಟಿಸಿದಾಗಲೇ ಅದರಲ್ಲಿ ಸಂಗೀತಕ್ಕೂ ಏರ್ಪಾಡು ಮಾಡಿದ್ದ. ನಮ್ಮ ಸರಿಗಮವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು, ಸ್ಕ್ರೀನ್ ರೀಡರ್ ಓದುತ್ತದೆ. ತಾರ, ಮಂದ್ರ ಸ್ಥಾಯಿಗಳ ಮೇಲುಚುಕ್ಕಿ ಕೆಳಚುಕ್ಕಿಗಳನ್ನು ಮಾತ್ರ ಬೇರೆ ಗುರುತಿನಲ್ಲಿ ಬರೆಯಬೇಕು.

ಹೀಗೆ ಮಾರ್ಪಡಿಸಲು ಕಾನೂನಿನ ಅಡ್ಡಿಯೂ ಇಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ, ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಆದ್ದರಿಂದ ಉಳಿದಿರುವುದು ಬರೆಯುವ ಕೆಲಸ. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಓದುತ್ತಿರುವ, ಹಾಡಲು ಬರುವ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ಒಬ್ಬ ಅಂಧ ವಿದ್ಯಾರ್ಥಿಯನ್ನು ಮುಂದೆ ಕೂರಿಸಿಕೊಂಡು ರೀಪರಿಗೆ ಕನ್ನಡದಲ್ಲಿ ಕೈಪಿಡಿ ಬರೆಯಬೇಕು. ಮೆನುವಿನ ಹೆಸರುಗಳನ್ನು ಅನುವಾದಿಸದೆ ಇಂಗ್ಲಿಷಿನಲ್ಲೇ ಬಿಡಬೇಕು. ಕಂಪ್ಯೂಟರ್ ಅವನಿಗೆ ಹೇಳುವುದು ಆ ಸದ್ದನ್ನೇ, ಅವನು ಹುಡುಕುವುದೂ ಅದನ್ನೇ. ವಿವರಣೆ ಮಾತ್ರ ಅಚ್ಚ ಆಡುಮಾತಿನಲ್ಲಿರಲಿ. ಪ್ರತಿ ಹೆಜ್ಜೆಯಲ್ಲೂ ಮೊದಲು ಕೀಲಿ, ಆಮೇಲೆ ಕೇಳಿಸಬೇಕಾದ ಮಾತು, ಅದು ಕೇಳಿಸದಿದ್ದರೆ ಮಾಡಬೇಕಾದದ್ದು. ಕನ್ನಡ ಲಿಪಿಯಲ್ಲಿ ಟ್ರ್ಯಾಕಿಗೆ ಹೆಸರಿಟ್ಟರೆ ಇಂಗ್ಲಿಷ್ ಮಾತ್ರ ಬಲ್ಲ ಧ್ವನಿಗಳು ಅದನ್ನು ಓದದೆ ದಾಟಿಬಿಡಬಹುದೆಂದು, ಧ್ವನಿ ಬದಲಿಸುವ ಬಗೆಯನ್ನು ಶುರುವಿನಲ್ಲೇ ಹೇಳಬೇಕು. ತಾಳಗಳ ಲೆಕ್ಕಕ್ಕೆ ಒಂದು ಪುಟ: ಆದಿಗೆ 8/4, ಖಂಡಚಾಪಿಗೆ 5/8, ಮಿಶ್ರಚಾಪಿಗೆ 7/8. ಬರೆದವರು ತೆರೆಯನ್ನು ಆರಿಸಿ, ಮೌಸನ್ನು ಕಿತ್ತಿಟ್ಟು, ತಾವು ಬರೆದ ಹೆಜ್ಜೆಗಳನ್ನು ಒಂದೂ ಬಿಡದೆ ಮಾಡಿ ನೋಡಬೇಕು. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಆ ವಿದ್ಯಾರ್ಥಿ ತಂಬೂರಿಯದೊಂದು ಟ್ರ್ಯಾಕ್, ತನ್ನ ದನಿಯದೊಂದು ಟ್ರ್ಯಾಕ್ ಕೂಡಿಸಿ, ಎಂಪಿ3 ಮಾಡಿ, ಯಾರ ಕೈಸಹಾಯವೂ ಇಲ್ಲದೆ ಮನೆಯವರ ಫೋನಿಗೆ ಕಳಿಸಿರಬೇಕು.